ಎಡದಿಂದ ಐದನೆಯದು

ತ್ಸಿತ್ಸಿನೊ ಫೋನಿನಲ್ಲಿ ಹೇಳಿದ್ದು ಇಷ್ಟೇ:
"ಚಿತ್ರಗಳೆಲ್ಲ ಓಡಿಹೋಗಿವೆ, ಬಾ."

ಝುಗ್ದಿದಿಯ ಹೊರಗೆ, ಸೆಪ್ಟೆಂಬರ್ ಬಿಸಿಲಿನಲ್ಲಿ
ಹೇಜಲ್ ಕಾಯಿಯ ಚೀಲ ಹೇರಿದ ಲಾರಿಗಳು
ತೂಕದ ಕಟ್ಟೆಯಿಂದ ಪೆಟ್ರೋಲ್ ಬಂಕಿನ ತನಕ.
ಡ್ರೈವರುಗಳು ಟಯರಿಗೆ ಒರಗಿ
ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳುತ್ತಿದ್ದರು.

ಒಳಗೆ ಅವಳು. ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು.
ಪರದೆಯ ಅಡಿಪಟ್ಟಿಯಲ್ಲಿ, ಚಿತ್ರಗಳಿದ್ದ ಜಾಗದಲ್ಲಿ,
ಮೂಲೆ ಮಡಿಸಿದ ಬಿಳಿ ಹಾಳೆಗಳು, ಏಳೂ ಒಂದೇ ಥರ,
ಯಾರೂ ಇನ್ನೂ ಹೆಸರು ಬರೆಯದ ಉತ್ತರಪತ್ರಿಕೆಗಳು.

ಕೆಲಸ ನಿಂತಿರಬೇಕು ಅಂದುಕೊಂಡಿದ್ದೆ.
ನಿಂತಿರಲಿಲ್ಲ.
ಎಡದಿಂದ ಮೂರನೆಯ ಹಾಳೆ ಒತ್ತಿದಳು, ತಕ್ಕಡಿ ತೆರೆಯಿತು.
ನಾಲ್ಕನೆಯದು ಒತ್ತಿದಳು, ಲೆಕ್ಕ ತೆರೆಯಿತು.
ಕತ್ತಲಲ್ಲಿ ಉಪ್ಪಿನ ಡಬ್ಬಿಗೆ ಕೈ ಹಾಕಿದ ಹಾಗೆ.
"ಎಲ್ಲ ಸಿಗುತ್ತಿದೆಯಲ್ಲ, ನನ್ನನ್ನೇಕೆ ಕರೆದೆ?"
"ಮಾಲೀಕನ ಮಗ ನೋಡಿದರೆ
ಯಂತ್ರ ಹಳತಾಯಿತು ಅಂತಾನೆ.
ಅದು ಹಳತಾದರೆ ಮುಂದಿನ ಸರದಿ ಯಾರದು, ಹೇಳು?"

ಕೂತೆ. ಅಡಿಪಟ್ಟಿಯನ್ನು ಆಡಿಸುವ ಕೆಲಸವನ್ನೇ ಕೊಂದೆ.
ಒಂದು ಗಳಿಗೆ ಪರದೆ ಪೂರ್ತಿ ಬೋಳು,
ಗಡಿಯಾರವೂ ಇಲ್ಲ.
ಅವಳು ನನ್ನ ಹೆಗಲು ಹಿಡಿದುಕೊಂಡಳು, ತನಗೇ ಗೊತ್ತಿಲ್ಲದೆ.
ಹಳೆಯ ಚಿತ್ರಗಳು ಕೊಳೆಯುತ್ತಿದ್ದ ಕಡತ ಅಳಿಸಿ ಎಬ್ಬಿಸಿದೆ.
ಮತ್ತೆ ಬಿಳಿ ಹಾಳೆಗಳೇ.
ಸರಿ ಅಂತ ಪಟ್ಟಿಯನ್ನೇ ಖಾಲಿ ಮಾಡಿದೆ,
ಒಂದೊಂದನ್ನೂ ಹುಡುಕಿ ತಂದು ಮೊಳೆ ಹೊಡೆದೆ:
ಹಸಿರು, ಹಳದಿ, ಲಕೋಟೆ, ತಕ್ಕಡಿ.
ಆರು ಬಣ್ಣ ಬಂದವು. ನನಗೆ ನನ್ನ ಮೇಲೇ ಹೆಮ್ಮೆ.

ಅವಳು ಮೂರನೆಯದನ್ನು ಒತ್ತಿದಳು.
ಲಕೋಟೆ ತೆರೆಯಿತು.
ಹೊರಗೆ ಹಾರ್ನು. ಇನ್ನೊಂದು ಹಾರ್ನು.
"ಯಾರ ಮನೆ ಇದು?" ಎಂದಳು,
ಬೈಗುಳವನ್ನು ಹಲ್ಲಿನ ಹಿಂದೆ ತಡೆದು.

ಆಮೇಲೆ ಅವಳು ಹೇಳುತ್ತ ಹೋದಳು, ನಾನು ಎಳೆಯುತ್ತ ಹೋದೆ.
"ಅದನ್ನು ಈಚೆಗೆ. ಇನ್ನೂ ಈಚೆಗೆ. ಅಲ್ಲಿ. ಐದನೆಯದೆಲ್ಲಿ?"
ಐದನೆಯದನ್ನು ನಾನೇ ಕಸದ ಬುಟ್ಟಿಗೆ ಹಾಕಿದ್ದೆ,
ಮುಖ ನೋಡಿ ಮಾತಾಡುವ ಹಳೆಯ ಪ್ರೋಗ್ರಾಂ,
ಕಂಪನಿಯವರೇ ಬಾಗಿಲು ಹಾಕಿಕೊಂಡು ಹೋಗಿದ್ದರು.

ನನಗೆ ನೆನಪಾಯಿತು: ಎಂಗುರಿ ನದಿಯ ಆಚೆ ಅವಳ ತಂಗಿ.
ಸೇತುವೆಯ ಗೇಟು ಮುಚ್ಚಿದ್ದ ದಿನಗಳಲ್ಲಿ
ಈ ಕುರ್ಚಿಯಲ್ಲೇ ಕೂತು ಮಾತಾಡುತ್ತಿದ್ದರಂತೆ.
ದನಿ ತಗ್ಗಿಸಿ ಕೇಳಿದೆ, "ಲಮ್ಜೀರಾಗಾಗಿಯಾ?"

"ಲಮ್ಜೀರಾ!" ಅವಳು ನಕ್ಕುಬಿಟ್ಟಳು.
"ನಿನ್ನೆ ರಾತ್ರಿ ಮೊಬೈಲಿನಲ್ಲಿ ಒಂದು ಗಂಟೆ ಜಗಳ,
ಅಜಿಕಾ ರುಬ್ಬುವಾಗ ಬೆಳ್ಳುಳ್ಳಿ ಎಷ್ಟು ಅಂತ.
ಐದು ಇಲ್ಲದಿದ್ದರೆ ಆರು ಐದಾಗುತ್ತೆ,
ಏಳು ಆರಾಗುತ್ತೆ, ಹುಡುಗಾ.
ನನ್ನ ಕೈ ಇನ್ನು ಹೊಸ ಎಣಿಕೆ ಕಲಿಯುವುದಿಲ್ಲ."

ಬುಟ್ಟಿಯಿಂದ ಎತ್ತಿ ತಂದು ಐದರಲ್ಲಿ ಕೂರಿಸಿದೆ.
ಆರು ಬಣ್ಣಗಳ ನಡುವೆ ಅದೊಂದು ಬಿಳಿ ಹಾಳೆ.
ಅದಕ್ಕೆ ತೊಡಿಸಲು ಚಿತ್ರವೇ ಉಳಿದಿಲ್ಲ ಎಂದೆ.
"ಇರಲಿ. ಅದು ಮೊದಲೇ ಹಾಗಿತ್ತು,
ಮಿಕ್ಕವು ಈಗ ಅದರ ಜೊತೆ ಸೇರಿದ್ದವು, ಅಷ್ಟೆ."

ಸಂಜೆ, ಕೊನೆಯ ಲಾರಿ ಕಟ್ಟೆ ಇಳಿಯಿತು.
ನಾನು ವೈರು ಸುತ್ತಿಕೊಳ್ಳುತ್ತಿದ್ದೆ.
ಅವಳು ಒಂದೊಂದೇ ಮುಚ್ಚುತ್ತ ಬಂದು
ಐದನೆಯದನ್ನು ಒತ್ತಿದಳು.
ಪೆಟ್ಟಿಗೆಯೊಂದು ಎದ್ದು ಕೇಳಿತು:
ಇದು ತೋರಿಸುವ ವಸ್ತು ಇಲ್ಲಿಲ್ಲ, ತೆಗೆದುಬಿಡಲೇ?
'ಬೇಡ' ಒತ್ತಿದಳು,
ಮಲಗುವ ಮುನ್ನ ಚಿಲಕ ಮುಟ್ಟಿ ನೋಡುವವರ ಹಾಗೆ,
ದೀಪ ಆರಿಸಿದಳು.

ಕೂಲಿಗೆ ಒಂದು ಚೀಲ ಕಾಯಿ ಕೊಟ್ಟಳು.
"ಎಷ್ಟಿದೆ?" ಎಂದೆ.
"ಲಾರಿ ತೂಗುವ ತಕ್ಕಡಿಗೆ
ಇಷ್ಟು ಕಡಿಮೆ ಕಾಣಿಸುವುದಿಲ್ಲ. ತಗೊಂಡು ಹೋಗು."