ಮೂರನೆಯ ಮಹಡಿಯ ಅಂಚೆ

ಸ್ವಾನ್ಸಿಯ ಕಡಲು ದಿನಕ್ಕೆರಡು ಸಲ ಹಿಂದೆ ಸರಿದು
ತನ್ನ ಕೆಸರನ್ನೆಲ್ಲ ತೋರಿಸಿಬಿಡುತ್ತದೆ.
ಅದು ಕಾಣುವ ಕಿಟಕಿಯ ಪಕ್ಕ, ಕೌಂಟಿ ಕಚೇರಿಯಲ್ಲಿ, ನನ್ನ ಮೇಜು.
ಕೆಲಸ ಇಷ್ಟೇ: ಬಂದ ಕಾಗದ ಒಡೆಯುವುದು, ಓದುವುದು,
ಬೇಕಾದ ಕಡೆ ಕಪ್ಪು ಗೀಟೆಳೆಯುವುದು,
ಬೇರೆ ಲಕೋಟೆಗೆ ಹಾಕಿ ಕಳಿಸುವುದು.
ಸಾಕಿದವಳ ವಿಳಾಸ ಹೆತ್ತವಳಿಗೆ ತಿಳಿಯಬಾರದು,
ಹೆತ್ತವಳದ್ದು ಸಾಕಿದವಳಿಗೆ.
ನನಗೆ ಎರಡೂ ಬಾಯಿಪಾಠ.

ವರ್ಷಕ್ಕೊಂದು ಕಾಗದ, ಒಪ್ಪಂದದಂತೆ, ಮಾರ್ಚಿನಲ್ಲಿ.
ಎಲೆರಿ ಗೆರೆಯಿರುವ ಹಾಳೆಯಲ್ಲಿ ಬರೆಯುತ್ತಾಳೆ.
ಪ್ರತಿ ಸಲವೂ 'ಪ್ರಿಯ' ಎಂದು ಬರೆದು, ಹೊಡೆದುಹಾಕಿ,
ಪಕ್ಕದಲ್ಲಿ ಮತ್ತೆ 'ಪ್ರಿಯ' ಎಂದೇ ಬರೆದಿರುತ್ತಾಳೆ.
ಮ್ಯಾಕ್ಸೆನ್‌ಗೆ ಈಜು ಬಂತು. ಮುಂದಿನೆರಡು ಹಲ್ಲು ಬಿದ್ದವು.
ಬಟಾಣಿ ಕಂಡರಾಗದು.
ಫೋಟೋದಲ್ಲಿ ಶಾಲೆಯ ಬ್ಯಾಡ್ಜು: ಕಪ್ಪು.
ಹಿಂದೆ ನಿಂತ ಬಸ್ಸಿನ ನಂಬರು: ಅದಕ್ಕೂ ಕಪ್ಪು.
ಎದೆಗೊಂದು ತೂತು ಬಿದ್ದ ಹುಡುಗ
ಹಲ್ಲಿಲ್ಲದ ಬಾಯಿ ತೆರೆದು ನಗುತ್ತಾನೆ.

ಅದೇ ಕಪಾಟಿನ ಕೆಳಗಿನ ಖಾನೆಯಲ್ಲಿ ಇನ್ನೊಂದು ಫೈಲು.
ನವೆಂಬರಿನ ಒಂದು ರಾತ್ರಿ ಸಹಾಯವಾಣಿಗೆ ಬಂದ ಕರೆ, ನಲವತ್ತೊಂದು ನಿಮಿಷ:
ಅಡುಗೆಮನೆ ಬಾಗಿಲಿನ ಗಾಜು ಒಡೆದಿದ್ದಾನೆ,
ಗೆತಿನ್ ಗ್ಯಾರೇಜಿಗೆ ಹೋಗಿ ಕೂತುಬಿಟ್ಟಿದ್ದಾನೆ,
'ನಾವು ಇವನಿಗೆ ತಕ್ಕವರಲ್ಲವೇನೋ.'
ಕೆಳಗೆ ಬೇರೆ ಕೈಬರಹ: ಚಿಕಿತ್ಸೆ, ಹದಿನಾಲ್ಕು ಭೇಟಿ, ಹಣ ಮಂಜೂರು.
ಆಮೇಲೆ, ಇನ್ನೂ ಆರು.
ಆಮೇಲೆ, ತಂದೆಗೆ ಪ್ರತ್ಯೇಕವಾಗಿ ಎರಡು.
ಮಗು ಕೊಡುವ ಮುಂಚೆ ಇದೇ ಇಲಾಖೆ ಅವರನ್ನು
ನಾಯಿ ಕಚ್ಚುತ್ತದೆಯೇ, ಸಾಲವೆಷ್ಟಿದೆ, ನಿಮ್ಮಪ್ಪ ಹೊಡೆಯುತ್ತಿದ್ದರೇ
ಎಂದೆಲ್ಲ ಒಂಬತ್ತು ತಿಂಗಳು ಕೇಳಿತ್ತು.
ಗಾಜಿನ ಬಗ್ಗೆ ಕೇಳಿರಲಿಲ್ಲ.

ಮಾರ್ಚಿನ ಕಾಗದದಲ್ಲಿ ಬಾಗಿಲಿಲ್ಲ. ಈಜು ಇದೆ.
ನಾನು ಸೇರಿಸುವಂತಿಲ್ಲ. ನನ್ನದೇನಿದ್ದರೂ ಕಳೆಯುವ ಲೆಕ್ಕ.

ಬಾಯಿಪಾಠ ಎಂದೆನಲ್ಲ, ಸುಳ್ಳು.
ಷೆರಲಿನ್‌ಗೆ ಕಳಿಸಿದ ಐದು ಕಾಗದವೂ ವಾಪಸು ಬಂದಿದ್ದವು,
ಈ ಹೆಸರಿನವರು ಇಲ್ಲಿಲ್ಲ ಎಂಬ ಮೊಹರಿನ ಜೊತೆ.
ನಾವು ಬಿಸಾಡುವುದಿಲ್ಲ. ರಬ್ಬರ್ ಬ್ಯಾಂಡು ಹಾಕಿ ಇಡುತ್ತೇವೆ.
ಕಳೆದ ವರ್ಷ ಒಂದು ಮಂಗಳವಾರ ತಾನೇ ಬಂದಳು,
ಕೋಟಿನೊಳಗೆ ಬೇಕರಿಯ ಏಪ್ರನ್ನು, ಹುಬ್ಬಿನಲ್ಲಿ ಹಿಟ್ಟು.
ಕನ್ನಡಕ ಮರೆತು ಬಂದೆ, ನೀವೇ ಓದಿ, ಅಂದಳು.
ಜೇಬಿನಿಂದ ಅದರ ಕಡ್ಡಿ ಇಣುಕುತ್ತಿತ್ತು.
ಕಂಡೂ ಕಾಣದಂತೆ ಓದಿದೆ, ಒಂದರ ಹಿಂದೊಂದು ಐದೂ.
ಇಪ್ಪತ್ತು ನಿಮಿಷದಲ್ಲಿ ಹುಡುಗ ಐದು ವರ್ಷ ಬೆಳೆದ.
ಫೋಟೋದ ಕಪ್ಪನ್ನು ಉಗುರಿನಿಂದ ಮುಟ್ಟಿದಳು,
ಕೆರೆಯಲಿಲ್ಲ.
ನೀವೂ ಬರೆಯಬಹುದು, ಎಂದು ಹಾಳೆ ಕೊಟ್ಟೆ.
ಆಗ ಹೊರಬಂತು ಕನ್ನಡಕ.
ಬರೆದದ್ದು ಒಂದೇ ಸಾಲು:
'ಈಗಲೂ ಕಿವಿಯ ಕೆಳಗೆ ಮುಷ್ಟಿಯಿಟ್ಟು ಮಲಗುತ್ತಾನಾ?'

ಇವತ್ತು ಎಲೆರಿಯ ಉತ್ತರ ಬಂದಿದೆ, ಇನ್ನೂ ಜನವರಿ.
ಈ ಸಲದ 'ಪ್ರಿಯ'ದ ಮೇಲೆ ಗೀಟಿಲ್ಲ.
'ಹೌದು. ಬಲಗಿವಿ.
ಕಿವಿನೋವೆಂದು ಡಾಕ್ಟರಿಗೆ ತೋರಿಸಿದ್ದೆವು.
ನಿದ್ದೆಯಲ್ಲಿ ಬೆರಳು ಬಿಡಿಸಲು ಹೋಗಿದ್ದೆವು, ಎಷ್ಟೋ ರಾತ್ರಿ.
ಮೊದಲಿಂದಲೂ ಹಾಗೇ ಎಂದು ಯಾರೂ ಹೇಳಲಿಲ್ಲ.
ಇನ್ನು ಬಿಡಿಸುವುದಿಲ್ಲ.
ಒಂದು ಬಾಗಿಲಿನ ವಿಷಯ ನಿಮಗೆ ಹೇಳಬೇಕು.'

ಗೋಡೆಯ ಮೇಲೆ ನಿಯಮ ಏಳು:
ಮಗುವಿನ ಗುರುತು ಸಿಗುವಂಥದ್ದು ಯಾವುದನ್ನೂ ಬಿಡತಕ್ಕದ್ದಲ್ಲ.
ಇಲ್ಲಿ ಊರಿಲ್ಲ, ಶಾಲೆಯಿಲ್ಲ, ಬಸ್ಸಿಲ್ಲ.
ಆದರೂ ನೂರು ಮಕ್ಕಳು ಮಲಗಿದ ಕೋಣೆಗೆ
ದೀಪವಿಲ್ಲದೆ ಬಿಟ್ಟರೆ ಅವಳು
ತಡವಿ ತಡವಿ ಇದೊಂದರಿಂದಲೇ ಅವನನ್ನು ಹುಡುಕಿಯಾಳು.

ಮುಚ್ಚಳ ತೆಗೆದಿಟ್ಟ ಪೆನ್ನಿನ ಮೊನೆ ಒಣಗುತ್ತಿದೆ.
ಕೆಸರಿನ ಮೇಲೆ ನೀರು ಏರುತ್ತಿದೆ.
ಲಕೋಟೆಗೆ ಅಂಟು ಸವರುತ್ತೇನೆ.
ಅಂಚೆಯವನು ನಾಲ್ಕಕ್ಕೆ ಬರುತ್ತಾನೆ.