ಏಳನೇ ಕಲಂ

ತಾರ್ತುವಿನ ಸಂಗ್ರಹಾಲಯ, ನೆಲಮಾಳಿಗೆ.
ಹಳೆಯ ಫ್ಲಾಪಿಯ ಧೂಳು ಊದಿ
ಲೇಲೊ ಕೇಳುತ್ತಾಳೆ: ಯಾವ ಕುಲ ನಿಂದು?

ಕುಂಚವೆನ್ನಲು ಬಣ್ಣವಿಲ್ಲ,
ಆಟವೆನ್ನಲು ಸೋಲಿಲ್ಲ.
ಗೆರೆ ಎಳೆದರೆ ಗೆರೆ ಮೂಡದು;
ಎಳೆಯುತ್ತ ಕೈ ಎಲ್ಲಿ ತಡೆಯಿತೋ
ಅಲ್ಲಷ್ಟೇ ಮಸಿ ಇಳಿಯುತ್ತದೆ,
ನಿಂತಷ್ಟೂ ಹರಡುತ್ತದೆ.

ಬರೆದವನು ಆರ್ವೆಡ್,
ರೈಲ್ವೆ ಸಿಗ್ನಲ್ ರಿಪೇರಿಯವನು.
ಅವನ ಕೊನೆಯ ಕಡತದಲ್ಲಿ ಒಂದೇ ಕಲೆ,
ಬಟ್ಟಲಗಲ.
ಹೆಸರು: ‘ಫೋನಿನ ಹತ್ತಿರ’.

ಏಳನೇ ಕಲಂ: ವರ್ಗ.
ಚಿತ್ರವೇ? ಸಾಧನವೇ? ಗಡಿಯಾರವೇ?
ಬಲಗೈಲಿ ಪೆನ್ನು,
ಎಡಗೈ ಮೌಸಿನ ಮೇಲೇ ಮರೆತು ಕೂತಿದ್ದಾಳೆ.
ಕಾಫಿ ಆರಿತು.
ತಲೆ ಎತ್ತಿದರೆ ತೆರೆಯ ನಡುವೆ
ಕೋಟಿನ ಗುಂಡಿಯಷ್ಟು ಕಪ್ಪು.

ಅವಳದೇ.

ಕಲಂ ಖಾಲಿ ಬಿಟ್ಟು
ಷರಾದಲ್ಲಿ ಬರೆದಳು:
ಇನ್ನೂ ಒಣಗಿಲ್ಲ. ಮಡಚಬೇಡಿ.