ಚಕ್ಕುಬಂದಿ

ಅರ್ಜಿಯಲ್ಲಿ ಒಂದು ಕಾಲಂ:
ಮಾರ್ಗದರ್ಶಕರು ಓದಿದ ಎಂಜಿನಿಯರಿಂಗ್ ಯಾವುದು?
ಬರೆದೆ: ಆಧಾರ ಬರಹ, ಇಪ್ಪತ್ತಾರು ವರ್ಷ.
ಕಾರ್ಡಿನ ಆಧಾರವಲ್ಲ ಸ್ವಾಮಿ, ಜಾಗದ್ದು.
ಬದಿಯಡ್ಕ ರಿಜಿಸ್ಟ್ರಾರ್ ಆಫೀಸಿನ ಎದುರು
ಮೂರು ಕಾಲಿನ ಮೇಜು, ನಾಲ್ಕನೆಯದು ಇಟ್ಟಿಗೆ.

ಶಾಲೆಯವರಿಗೆ ಬೇಕಾದದ್ದು ಒಂದು ರುಜು,
ಐದು ಗಂಟೆಯ ಮೇಲೆ ಕೋಣೆಗೆ ಬೀಗ ಹಾಕಲು ಒಬ್ಬಳು ದೊಡ್ಡವಳು.
ವಿಜ್ಞಾನದ ಸ್ಮಿಜಾ ಟೀಚರಿಗೆ ಹೆರಿಗೆ ರಜೆ.
ನನಗೋ, ಎಲ್ಲ ಆನ್‌ಲೈನ್ ಆದ ಮೇಲೆ
ಸಂಜೆ ಅಂದರೆ ಬರೇ ಸಂಜೆ.

ಮಂಗಳವಾರ, ಶುಕ್ರವಾರ.
ರಿಸ್ವಾನ, ಗ್ಲ್ಯಾನಿಶ್ ಕ್ರಾಸ್ತ, ಮಣಿಯಾಣಿಯವರ ಸುಜನ್,
ಮತ್ತೆ ಮಾತೇ ಆಡದ ಶ್ರೀಲಯ.
ಜಗಳ ತುಳುವಿನಲ್ಲಿ, ಲೆಕ್ಕ ಮಲಯಾಳದಲ್ಲಿ,
ನನ್ನ ಹತ್ತಿರ ಮಾತ್ರ ಪುಸ್ತಕದ ಕನ್ನಡ, ಇಸ್ತ್ರಿ ಹಾಕಿದ್ದು.
ಗಾಡಿಗೆ ಅವರಿಟ್ಟ ಹೆಸರು ಚೇರಟೆ.
ಬಿಳಿ ಫ್ಲೆಕ್ಸಿನ ಮೇಲೆ ಕಪ್ಪು ಟೇಪಿನ ದಾರಿ,
ಅದರ ಮೇಲೇ ತೆವಳಬೇಕು, ತಪ್ಪಬಾರದು.
ಇಷ್ಟು ನನಗೂ ತಿಳಿಯಿತು:
ಮೂಡಲು ಇಂಥವರ ವರ್ಗ, ಪಡುವಲು ತೋಡು,
ತೆಂಕಲು ಪಂಚಾಯತ್ ರಸ್ತೆ, ಬಡಗಲು ಅಣ್ಣನ ಪಾಲು.
ಗೆರೆ ದಾಟಿದರೆ ಕೋರ್ಟು.

ಉಳಿದದ್ದು ತಿಳಿಯಲಿಲ್ಲ.
"ಟೀಚರ್, ವೋಲ್ಟೇಜು ಇಳೀತಾ ಉಂಟು" ಅಂದಾಗ
ಸ್ವಲ್ಪ ಹೊತ್ತು ಕೂತು ನೀರು ಕುಡಿಯಿರಿ ಅಂದವಳು ನಾನು.
ಬಿದ್ದ ಸ್ಕ್ರೂ ಹುಡುಕುವುದು, ಟಾರ್ಚು ಹಿಡಿಯುವುದು,
ಪೋಡಿ ತರುವುದು, ಎಣ್ಣೆ ಕೈ ಒರೆಸಿಕೊಂಡರೋ ನೋಡುವುದು,
ರಿಸ್ವಾನಳ ಉಪ್ಪನಿಗೆ ಫೋನು:
ಇಲ್ಲೇ ಇದ್ದಾಳೆ, ನಾನೇ ಬಸ್ಸು ಹತ್ತಿಸುತ್ತೇನೆ.

ಕಿಟಕಿ ಬದಿಯ ಮೂರನೆಯ ತಿರುವಿನಲ್ಲಿ
ಚೇರಟೆ ದಿನಾ ಸುರುಳಿ.
ಚಕ್ರ ಬದಲಾಯಿತು. ಬ್ಯಾಟರಿ ಬದಲಾಯಿತು.
ಸುಜನ್, ಗ್ಲ್ಯಾನಿಶ್ ಮಾತು ಬಿಟ್ಟರು.
ನಾನು ಏನೂ ಯೋಚಿಸಲಿಲ್ಲ, ಎದ್ದು ಕಿಟಕಿ ಹಾಕಿದೆ.
ನಾಲ್ಕೂವರೆಯ ಬಿಸಿಲು ಛಾಪಾಕಾಗದಕ್ಕೆ ಬಿದ್ದರೆ
ಶಾಯಿ ಮಾಸುತ್ತದೆಂದು ಕೈಗೆ ಅಂಟಿದ ಅಭ್ಯಾಸ.
ಚೇರಟೆ ತಿರುಗಿತು. ದಾಟಿತು.
ಯಾರೂ ಉಸಿರು ಬಿಡಲಿಲ್ಲ.
ಶ್ರೀಲಯ, ಜೂನಿನಿಂದ ಇದೇ ಮೊದಲು:
"ಅದರ ಕಣ್ಣಿಗೆ ಬಿಸಿಲು."

ಸ್ಪರ್ಧೆಯ ಹಾಲಿನ ಕಿಟಕಿ ನಮ್ಮದಲ್ಲವಲ್ಲ.
ಕಣ್ಣಿಗೊಂದು ಮುಸುಕು ಬೇಕು, ಕಪ್ಪು, ಹಗುರ.
ನನ್ನ ಪೆಟ್ಟಿಗೆಯಲ್ಲಿ
ಯಾರಿಗೂ ಬೇಡದ ಒಂದು ಕಟ್ಟು ಕಾರ್ಬನ್ ಪೇಪರು.

ಕಾಞಂಗಾಡಿನಲ್ಲಿ ಮೊದಲ ಸುತ್ತು, ತೋಡಿನ ನೀರಿನ ಹಾಗೆ.
ಎರಡನೆಯದರಲ್ಲಿ ಚೇರಟೆ ನಿಂತಿತು, ಮೂಸಿತು,
ಬಿಳಿಯ ನಡುವಿಗೆ ಹೊರಟೇ ಹೋಯಿತು.
ಮುಸುಕಿನ ಅಂಚು ನೆಲ ಒರೆಸಿ
ಹೋದಲ್ಲೆಲ್ಲ ಮಸಿಯ ಎಳೆ.
ತಾನೇ ಎಳೆದ ಗಡಿಯನ್ನು ನಂಬಿತ್ತು.
ಇಂಥ ಕಕ್ಷಿದಾರರನ್ನು ನಾನು ತುಂಬ ಕಂಡಿದ್ದೇನೆ.

ಇದರ ಎಂಜಿನಿಯರ್ ಯಾರು? ಕೇಳಿದರು ತೀರ್ಪುಗಾರರು.
ನಾಲ್ಕು ಮಸಿಗೈ ಎದ್ದವು.
ಹನ್ನೊಂದನೆಯ ಸ್ಥಾನ. ಹದಿಮೂರರಲ್ಲಿ.

ವಾಪಸು ಬಸ್ಸಿನಲ್ಲಿ ಗ್ಲ್ಯಾನಿಶ್ ವಾಂತಿ ಮಾಡಿದ,
ಸುಜನ್ ಅವನ ಬೆನ್ನು ತಿಕ್ಕಿದ.
ಚಂದ್ರಗಿರಿ ಸೇತುವೆ ಹತ್ತುವಾಗ
ರಿಸ್ವಾನ ಕೋಡಿನ ಪುಸ್ತಕ ಬಿಚ್ಚಿದಳು: "ಟೀಚರ್, ರುಜು."
ಕಣ್ಣು ಹಾಯಿಸಿದೆ. ಒಂದಕ್ಷರ ದಕ್ಕಲಿಲ್ಲ.
ಅವಳೇ ಓದಿ ಹೇಳಿದಳು, ಕನ್ನಡದಲ್ಲಿ:
ಎಡಗಣ್ಣಿಗೆ ಕಪ್ಪು ಕಂಡರೆ ಎಡಚಕ್ರ ನಿಧಾನ,
ಎರಡಕ್ಕೂ ಕಂಡರೆ ನಿಲ್ಲು,
ಏನೂ ಕಾಣದೆ ಹೋದರೆ
ಕೊನೆಗೆ ಕಂಡಿದ್ದ ಕಡೆಗೆ ತಿರುಗು.

ಬರೆದದ್ದನ್ನು ಓದಲಾರದವರಿಗೆ
ನನ್ನ ಕಸುಬಿನಲ್ಲಿ ಒಂದು ಕಡೆಯ ಸಾಲುಂಟು.
ಎಷ್ಟೋ ಅಜ್ಜಿಯರಿಗೆ ನಾನೇ ಬರೆದುಕೊಟ್ಟದ್ದು.
ಇವತ್ತು ಹೇಳಿ ಬರೆಸಿದೆ:
ಓದಿ ಹೇಳಿದ್ದನ್ನು ಕೇಳಿ, ಅರ್ಥ ಮಾಡಿಕೊಂಡು, ಒಪ್ಪಿ
ಛೆ, ಅರ್ಥ ಮಾಡಿಕೊಂಡು ಎಂಬುದು ಬೇಡ, ಹೊಡಿ,
ಬದಿಯಲ್ಲಿ ಬರೆ, ಮೂರು ಪದ ಹೊಡೆದಿದೆ ಅಂತ.
ಅವಳ ಬೆರಳಿನ ಕಾರ್ಬನ್ನು ನನ್ನ ಬೆರಳಿಗೆ ಉಜ್ಜಿಕೊಂಡು
ಬಸ್ಸು ಕುಲುಕದ ಕ್ಷಣ ನೋಡಿ
ಎಡಗೈ ಹೆಬ್ಬೆಟ್ಟು ಒತ್ತಿದೆ.